ಹಿಗ್ಗದ ದಾರ, ಹಿಗ್ಗುವ ಬಟ್ಟೆ

ಭೌತವಿಜ್ಞಾನವನ್ನು ಬೋಧಿಸುವವರಿಗೆ ಸ್ಥಿತಿಸ್ಥಾಪಕತ್ವದ ಅಧ್ಯಾಯವು ಅಷ್ಟೇನೂ ಕಷ್ಟವಾದುದಲ್ಲ. ಒಂದು ತಂತಿ, ಅದರ ತುದಿಗೆ ಒಂದು ತೂಕ, ಪಕ್ಕದಲ್ಲಿ ಒಂದು ಅಳತೆಪಟ್ಟಿ. ಇಷ್ಟಿದ್ದರೆ ಪಾಠವು ತಾನಾಗಿಯೇ ಮುಂದುವರಿಯುತ್ತದೆ. ಹಿಂದಿನ ವರ್ಷ ಮಾಗಿಯ ಒಂದು ಬೆಳಗ್ಗೆ ನಾವು ಪದವಿಪೂರ್ವ ತರಗತಿಯಲ್ಲಿ ಈ ಪಾಠವನ್ನೇ ಹೇಳುತ್ತಿದ್ದೆವು. ಎಳೆದ ಬಲಕ್ಕೆ ಅನುಗುಣವಾಗಿ ವಸ್ತುವು ಹಿಗ್ಗುತ್ತದೆಂದು ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿಯು 1678ರಲ್ಲಿ ಪ್ರಕಟಿಸಿದ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದು ಹಿಂದಿರುಗಿ ನೋಡಿದಾಗ, ಮೂರನೆಯ ಸಾಲಿನ ವಿದ್ಯಾರ್ಥಿನಿಯೊಬ್ಬಳ ದೃಷ್ಟಿ ಹಲಗೆಯ ಮೇಲಿದ್ದರೂ ಅವಳ ಕೈಗಳು ಮೇಜಿನ ಕೆಳಗೆ ಬೇರೊಂದು ಕೆಲಸದಲ್ಲಿ ತೊಡಗಿದ್ದುದು ಕಂಡಿತು. ಹತ್ತಿರ ಹೋಗಿ ನೋಡಿದರೆ ಎರಡು ಹೆಣಿಗೆ ಕಡ್ಡಿಗಳು, ಒಂದು ದಾರದ ಉಂಡೆ, ಅರ್ಧ ಹೆಣೆದ ಮಫ್ಲರು. ಅವುಗಳ ಕೆಳಗೆ ಒಂದು ಕಾದಂಬರಿ.

“ಏನಮ್ಮಾ, ಇದು ತರಗತಿಯೋ, ಹೆಣಿಗೆಯ ಶಾಲೆಯೋ?” ಎಂದು ನಾವು ಕೇಳಿದೆವು. ತರಗತಿಯೆಲ್ಲ ನಕ್ಕಿತು. ಹುಡುಗಿ ತಲೆ ತಗ್ಗಿಸಿದಳು. ಕಡ್ಡಿ, ದಾರ, ಪುಸ್ತಕ ಮೂರನ್ನೂ ವಶಪಡಿಸಿಕೊಂಡು ಪಾಠವನ್ನು ಮುಗಿಸಿದೆವು.

ಗಂಟೆ ಹೊಡೆದ ಮೇಲೆ ಅವಳು ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದು ನಿಂತಳು. “ತಪ್ಪಾಯಿತು, ಸರ್. ಆದರೆ ಒಂದು ಸಂದೇಹವಿದೆ. ಇದು ಹತ್ತಿಯ ದಾರ. ಇದನ್ನು ಎಷ್ಟು ಎಳೆದರೂ ಹಿಗ್ಗುವುದಿಲ್ಲ. ಇದರಿಂದಲೇ ಹೆಣೆದ ಮಫ್ಲರನ್ನು ಎಳೆದರೆ ಒಂದೂವರೆ ಪಟ್ಟು ಅಗಲವಾಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ದಾರದಲ್ಲೇ ಇಲ್ಲದ ಸ್ಥಿತಿಸ್ಥಾಪಕತ್ವ ಬಟ್ಟೆಗೆ ಎಲ್ಲಿಂದ ಬಂತು?”

ಸ್ನಾತಕೋತ್ತರ ಪದವಿ ಪಡೆದು, ಹತ್ತು ವರ್ಷ ಇದೇ ಪಾಠವನ್ನು ಹೇಳಿದ ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. “ನಾಳೆ ಹೇಳೋಣ” ಎಂದು, ಅಧ್ಯಾಪಕರು ಇಂತಹ ಸಂದರ್ಭದಲ್ಲಿ ಹೇಳುವ ಮಾತನ್ನೇ ಹೇಳಿ ಕಳುಹಿಸಿದೆವು.

ಅದೇ ಸಂಜೆ ಅವಳ ತಂದೆಯವರು ಬಂದರು. ಅಂಗಡಿ ವ್ಯಾಪಾರದವರು, ಮಗಳನ್ನು ಓದಿಸಬೇಕೆಂಬ ಹಂಬಲವುಳ್ಳವರು. “ನಮ್ಮ ಮಾತು ಅವಳ ಕಿವಿಗೆ ಬೀಳುವುದಿಲ್ಲ, ಸಾರ್. ಕೈಯಲ್ಲಿ ಕಡ್ಡಿ ಇಲ್ಲದಿದ್ದರೆ ಮುಂದೆ ಕತೆಪುಸ್ತಕ, ಒಮ್ಮೊಮ್ಮೆ ಎರಡೂ ಒಟ್ಟಿಗೆ. ಪರೀಕ್ಷೆ ಹತ್ತಿರ ಬಂತು. ಈ ಎರಡನ್ನೂ ಬಿಟ್ಟುಬಿಡು ಎಂದು ನೀವೊಂದು ಮಾತು ಹೇಳಿಬಿಡಿ” ಎಂದು ಕೇಳಿಕೊಂಡರು. ವಾರದೊಳಗೆ ಮಾತನಾಡುತ್ತೇವೆಂದು ಅವರಿಗೂ ಹೇಳಿದೆವು. ಹೀಗೆ ಒಂದೇ ದಿನ ಮಗಳಿಗೊಂದು, ತಂದೆಗೊಂದು, ಎರಡು ಉತ್ತರಗಳ ಸಾಲವು ನಮ್ಮ ಮೇಲೆ ಬಿತ್ತು. ಆ ಸಾಲವನ್ನು ತೀರಿಸಹೊರಟಾಗ ನಾವು ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನೇಯ್ಗೆ ಬೇರೆ, ಹೆಣಿಗೆ ಬೇರೆ

ಮೊದಲು ಒಂದು ಸಣ್ಣ ಪ್ರಯೋಗವನ್ನು ಮಾಡೋಣ. ಇದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಒಂದು ಕರವಸ್ತ್ರ, ಒಂದು ಬನಿಯನ್ನು ಸಾಕು. ಕರವಸ್ತ್ರವನ್ನು ಅಂಚಿಗೆ ಸಮನಾಗಿ ಹಿಡಿದು ಎಳೆಯಿರಿ. ಅದು ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ಮಾತ್ರ ಸ್ವಲ್ಪ ಹಿಗ್ಗುತ್ತದೆ. ಇನ್ನು ಬನಿಯನ್ನನ್ನು ಎಳೆಯಿರಿ. ಅದು ಯಾವ ದಿಕ್ಕಿಗೆ ಎಳೆದರೂ ಹಿಗ್ಗುತ್ತದೆ. ಅಗಲಕ್ಕಂತೂ ಧಾರಾಳವಾಗಿ ಹಿಗ್ಗುತ್ತದೆ. ಎರಡೂ ಹತ್ತಿಯವೇ. ಹಾಗಾದರೆ ವ್ಯತ್ಯಾಸವು ನೂಲಿನಲ್ಲಿಲ್ಲ, ನೂಲನ್ನು ಜೋಡಿಸಿದ ಕ್ರಮದಲ್ಲಿದೆ ಎಂದಾಯಿತು.

ಕರವಸ್ತ್ರವು ನೇಯ್ದ ಬಟ್ಟೆ. ಮಗ್ಗದ ಮೇಲೆ ಉದ್ದಕ್ಕೆ ಹಾಸಿನ ಎಳೆಗಳಿರುತ್ತವೆ. ಅವುಗಳ ಮೇಲೆ ಕೆಳಗೆ ಹಾಯುತ್ತ ಅಡ್ಡಕ್ಕೆ ಹೊಕ್ಕಿನ ಎಳೆಗಳು ಬರುತ್ತವೆ. ನಮ್ಮ ಚಳ್ಳಕೆರೆಯ ಕಂಬಳಿಯೂ ಹೀಗೆ ನೇಯ್ದುದೇ. ಇಲ್ಲಿ ಪ್ರತಿಯೊಂದು ಎಳೆಯೂ ಬಹುಮಟ್ಟಿಗೆ ನೆಟ್ಟಗಿರುತ್ತದೆ. ಅಂತಹ ಬಟ್ಟೆಯನ್ನು ಹಾಸಿನ ದಿಕ್ಕಿನಲ್ಲಿ ಎಳೆಯುವುದೆಂದರೆ ನೆಟ್ಟಗಿರುವ ನೂಲನ್ನೇ ಎಳೆದಂತೆ. ನೂಲು ಹಿಗ್ಗದಿದ್ದರೆ ಬಟ್ಟೆಯೂ ಹಿಗ್ಗದು. ಮೂಲೆಯಿಂದ ಎಳೆದಾಗ ಹಾಸು ಹೊಕ್ಕುಗಳ ನಡುವಣ ಕೋನವು ಬದಲಾಗುವುದರಿಂದ ಅಷ್ಟಿಷ್ಟು ಅವಕಾಶ ದೊರೆಯುತ್ತದೆ.

ಬನಿಯನ್ನು, ಕಾಲುಚೀಲ, ಸ್ವೆಟರು ಇವು ಹೆಣೆದ ಬಟ್ಟೆಗಳು. ಬನಿಯನ್ನಿನ ಮೇಲೆ ಒಂದು ಭೂತಗನ್ನಡಿಯನ್ನು ಹಿಡಿದು ನೋಡಿದರೆ ನೆಟ್ಟಗಿರುವ ನೂಲು ಎಲ್ಲಿಯೂ ಕಾಣುವುದಿಲ್ಲ. ಕಾಣುವುದೆಲ್ಲ ಕುಣಿಕೆಗಳು, ಸಾಲು ಸಾಲಾಗಿ, ಒಂದರೊಳಗೊಂದು ಹಾಯ್ದ ಕುಣಿಕೆಗಳು.

ನೇಯ್ಗೆಯು ಮಾನವನಿಗೆ ಸಹಸ್ರಾರು ವರ್ಷಗಳಿಂದ ತಿಳಿದ ವಿದ್ಯೆ. ಎರಡು ಕಡ್ಡಿಗಳ ಹೆಣಿಗೆಯು ಅಷ್ಟು ಹಳೆಯದಲ್ಲ. ಈಜಿಪ್ಟಿನಲ್ಲಿ ದೊರೆತಿರುವ ಹತ್ತಿಯ ಕಾಲುಚೀಲಗಳು ಇದರ ಹಳೆಯ ಮಾದರಿಗಳ ಪೈಕಿ ಸೇರಿವೆ; ಅವು 11ನೆಯ ಮತ್ತು 14ನೆಯ ಶತಮಾನಗಳ ನಡುವಿನವು. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನು ರಚಿಸಿದುದು 1589ರಲ್ಲಿ. ಇಂದು ತಿರುಪ್ಪೂರಿನಲ್ಲಿ ಬನಿಯನ್ನಿನ ಬಟ್ಟೆಯನ್ನು ಹೆಣೆಯುವ ಯಂತ್ರಗಳು ಮಾಡುವುದೂ ಮೂಲತಃ ಅದೇ ಕೆಲಸವನ್ನೇ: ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುವುದು.

ಗಂಟಿಲ್ಲದ ಗಂಟು

ಹೆಣಿಗೆಯ ವಿಧಾನವನ್ನು ಸ್ವಲ್ಪ ಗಮನಿಸೋಣ. ಎಡಗೈಯ ಕಡ್ಡಿಯ ಮೇಲೆ ಒಂದು ಸಾಲು ಕುಣಿಕೆಗಳಿರುತ್ತವೆ. ಬಲಗೈಯ ಕಡ್ಡಿಯನ್ನು ಮೊದಲ ಕುಣಿಕೆಯೊಳಗೆ ತೂರಿಸಿ, ಹಿಂದಿರುವ ದಾರವನ್ನು ಕೊಕ್ಕೆಯಂತೆ ಹಿಡಿದು ಈಚೆಗೆ ಎಳೆದರೆ ಹೊಸದೊಂದು ಕುಣಿಕೆ ಹುಟ್ಟುತ್ತದೆ. ಹಳೆಯದು ಕಡ್ಡಿಯಿಂದ ಜಾರಿ ಹೊಸದರ ಬುಡವನ್ನು ಅಪ್ಪಿಕೊಳ್ಳುತ್ತದೆ. ಹೀಗೆಯೇ ಸಾಲಿನ ಕೊನೆಯವರೆಗೆ. ಆಮೇಲೆ ಇನ್ನೊಂದು ಸಾಲು.

ಈ ಕ್ರಮದಲ್ಲಿ ಒಂದು ವಿಚಿತ್ರವಿದೆ. ಇಡೀ ಬಟ್ಟೆಯಲ್ಲಿ ನಿಜವಾದ ಗಂಟು ಒಂದೂ ಇಲ್ಲ. ಪ್ರತಿಯೊಂದು ಕುಣಿಕೆಯೂ ಜೀರುಗುಣಿಕೆಯಂತೆ ಬರಿದೆ ಎಳೆದುಕೊಂಡಿರುವುದು. ಕಡ್ಡಿಯನ್ನು ತೆಗೆದು ದಾರದ ತುದಿಯನ್ನು ಎಳೆಯುತ್ತ ಹೋದರೆ ತಿಂಗಳ ಕೆಲಸವು ಕೆಲವು ನಿಮಿಷಗಳಲ್ಲಿ ಮತ್ತೆ ನೆಟ್ಟನೆಯ ದಾರವಾಗಿಬಿಡುತ್ತದೆ. ನಡುವೆ ಒಂದೇ ಕುಣಿಕೆ ಜಾರಿದರೂ ಅದರ ಕೆಳಗಿನದು, ಅದರ ಕೆಳಗಿನದು, ಹೀಗೆ ಏಣಿಯ ಮೆಟ್ಟಿಲುಗಳಂತೆ ಒಂದು ಕಂಬಸಾಲೇ ಬಿಚ್ಚಿಕೊಳ್ಳುತ್ತದೆ. ಎಲ್ಲ ಕುಣಿಕೆಗಳಿಗೂ ಬೀಗ ಹಾಕುವುದು ಕೊನೆಯ ಸಾಲು ಮಾತ್ರ. ಹೆಣೆಯುವವರು ಆ ಕೊನೆಯ ಅಂಚನ್ನು ಅಷ್ಟು ಜಾಗರೂಕತೆಯಿಂದ ಮುಚ್ಚುವುದು ಈ ಕಾರಣದಿಂದಲೇ.

ಲೆಕ್ಕವನ್ನೂ ಸ್ವಲ್ಪ ನೋಡಬಹುದು. ಸಾಧಾರಣ ದಪ್ಪದ ದಾರದಿಂದ ಹೆಣೆದಾಗ ಹತ್ತು ಸೆಂಟಿಮೀಟರ್ ಚೌಕದಲ್ಲಿ ಅಡ್ಡಕ್ಕೆ ಸುಮಾರು 22, ಉದ್ದಕ್ಕೆ ಸುಮಾರು 30, ಅಂದರೆ ಒಟ್ಟು 660 ಕುಣಿಕೆಗಳಿರುತ್ತವೆ. 20 ಸೆಂಟಿಮೀಟರ್ ಅಗಲ, 150 ಸೆಂಟಿಮೀಟರ್ ಉದ್ದದ ಮಫ್ಲರಿನಲ್ಲಿ ಇಂತಹ 30 ಚೌಕಗಳು, ಕುಣಿಕೆಗಳು 19,800. ಒಂದೊಂದಕ್ಕೆ ಒಂದೂಮುಕ್ಕಾಲು ಸೆಂಟಿಮೀಟರ್ ದಾರವೆಂದಿಟ್ಟುಕೊಂಡರೂ ಸುಮಾರು 350 ಮೀಟರ್ ದಾರವು ಆ ಪುಟ್ಟ ಬಟ್ಟೆಯಲ್ಲಿ ಅಡಗಿದೆ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವು ಈ ಅಡಗಿದ ಉದ್ದದಲ್ಲಿಯೇ ಇದೆ.

ಎಳೆಯುವುದು ಕಷ್ಟ, ಬಾಗಿಸುವುದು ಸುಲಭ

ಒಂದು ಮೀಟರ್ ಉದ್ದ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಗೆ ಒಂದು ಕಿಲೋಗ್ರಾಂ ತೂಕವನ್ನು ತೂಗಹಾಕಿದರೆ ಅದು ಹಿಗ್ಗುವುದು ಮಿಲಿಮೀಟರಿನ ನೂರರಲ್ಲಿ ಆರು ಭಾಗದಷ್ಟು, ಕಣ್ಣಿಗೆ ಕಾಣದು. ಅದೇ ತಂತಿಯನ್ನು ಎರಡು ಸೆಂಟಿಮೀಟರ್ ಅಗಲದ ಸುರುಳಿಯಾಗಿ ಸುತ್ತಿದರೆ ಹದಿನಾರು ಸುತ್ತಾಗುತ್ತದೆ. ಆ ಸುರುಳಿಗೆ ಅದೇ ತೂಕವನ್ನು ತೂಗಹಾಕಿದರೆ ಅದು ಸುಮಾರು ಹನ್ನೆರಡು ಸೆಂಟಿಮೀಟರ್ ಇಳಿಯುತ್ತದೆ. ಲೋಹವೂ ಅದೇ, ಉದ್ದವೂ ಅದೇ, ತೂಕವೂ ಅದೇ. ಹಿಗ್ಗುವಿಕೆ ಮಾತ್ರ ಎರಡು ಸಾವಿರ ಪಟ್ಟು. ಸುರುಳಿಯಲ್ಲಿ ತಂತಿಯು ಹಿಗ್ಗುವುದಿಲ್ಲ, ತಿರುಚಿಕೊಳ್ಳುತ್ತದೆ. ತೆಳುವಾದ ವಸ್ತುವನ್ನು ಹಿಗ್ಗಿಸುವುದಕ್ಕಿಂತ ತಿರುಚುವುದೂ ಬಾಗಿಸುವುದೂ ಬಹಳ ಸುಲಭ.

ದಾರದ ವಿಷಯವೂ ಹೀಗೆಯೇ. ಗುಂಡನೆಯ ಕಡ್ಡಿಯೊಂದರ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅದನ್ನು ಹಿಗ್ಗಿಸಲು ಬೇಕಾದ ಬಲವು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ; ಬಾಗಿಸಲು ಬೇಕಾದ ಬಲವಾದರೋ ಹದಿನಾರನೆಯ ಒಂದಕ್ಕೆ ಇಳಿಯುತ್ತದೆ. ಆದುದರಿಂದ ವಸ್ತುವು ತೆಳುವಾದಷ್ಟೂ ಅದಕ್ಕೆ ಬಾಗುವ ಹಾದಿಯೇ ಹಿತವೆನಿಸುತ್ತದೆ. ಹೆಣೆದ ಬಟ್ಟೆಯನ್ನು ಅಡ್ಡಕ್ಕೆ ಎಳೆದಾಗ ಕುಣಿಕೆಯ ಕಾಲುಗಳಲ್ಲಿದ್ದ ದಾರವು ಮೆಲ್ಲಗೆ ಅದರ ತಲೆಯ ಕಡೆಗೆ ಜಾರುತ್ತದೆ. ಕುಣಿಕೆಯು ಎತ್ತರದಲ್ಲಿ ಕುಗ್ಗಿ ಅಗಲದಲ್ಲಿ ಹಿಗ್ಗುತ್ತದೆ. ದಾರದ ಉದ್ದವು ಕೂದಲೆಳೆಯಷ್ಟೂ ಬದಲಾಗದಿದ್ದರೂ ಬಟ್ಟೆಯ ಅಗಲವು ಬದಲಾಗುತ್ತದೆ. ಮಫ್ಲರನ್ನು ಅಗಲಕ್ಕೆ ಎಳೆದಾಗ ಅದರ ಉದ್ದವು ಕಡಮೆಯಾಗುವುದನ್ನು ಯಾರಾದರೂ ಕಾಣಬಹುದು. ಇನ್ನು ಕೈಬಿಟ್ಟಾಗ ಹಿಂದಕ್ಕೆ ಬರುವುದೇಕೆ? ಬಾಗಿದ ದಾರವು ನೆಟ್ಟಗಾಗಲು ಸದಾ ಹವಣಿಸುತ್ತದೆ. ಎಳೆದಾಗ ಕೆಲವು ಬಾಗುಗಳು ಇನ್ನಷ್ಟು ಬಿಗಿಯಾಗಿದ್ದವು; ಎಳೆತ ತಪ್ಪಿದೊಡನೆ ಅವು ಸಡಿಲಗೊಂಡು ನೆರೆಯ ಕುಣಿಕೆಗಳನ್ನು ಹಿಂದಕ್ಕೆ ತಳ್ಳುತ್ತವೆ. ಹೀಗೆ ಮಫ್ಲರೆಂದರೆ ಸುಮಾರು ಇಪ್ಪತ್ತು ಸಾವಿರ ಪುಟ್ಟ ಸ್ಪ್ರಿಂಗುಗಳ ಸಮೂಹ. ಸ್ಥಿತಿಸ್ಥಾಪಕತ್ವವು ದಾರದ ಹಿಗ್ಗುವಿಕೆಯಲ್ಲಿಲ್ಲ, ದಾರದ ಬಾಗಿನಲ್ಲಿದೆ.

ಇದನ್ನು ವಿಜ್ಞಾನಿಗಳು ಲೆಕ್ಕಕ್ಕೆ ತಂದುದು ಈಚೆಗೆ. 1947ರಲ್ಲಿ ಪಿಯರ್ಸ್ ಎಂಬಾತನು ಕುಣಿಕೆಯ ಜ್ಯಾಮಿತಿಯನ್ನು ಕೊಟ್ಟನು. 1959ರಲ್ಲಿ ಮಂಡನ್ ಎಂಬಾತನು, ಒಂದು ಕುಣಿಕೆಯಲ್ಲಿರುವ ದಾರದ ಉದ್ದವೊಂದೇ ಸಾದಾ ಹೆಣಿಗೆಯ ಅಳತೆಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆಂದು ತೋರಿಸಿದನು. 2018ರಲ್ಲಿ ಪ್ವಾಂಕ್ಲೂ, ಅದ್ದಾ-ಬೆದಿಯಾ ಮತ್ತು ಲೆಶನೋ ಎಂಬ ಭೌತವಿಜ್ಞಾನಿಗಳು ನೈಲಾನ್ ದಾರದ ಹೆಣಿಗೆಯನ್ನು ಎಳೆದು ಅಳೆದರು. ದಾರವು ಬಾಗಬಲ್ಲದು ಆದರೆ ಹಿಗ್ಗಲಾರದು, ಕುಣಿಕೆಗಳು ಒಂದನ್ನೊಂದು ಬಿಟ್ಟುಹೋಗಲಾರವು ಎಂಬ ಕೆಲವೇ ನಿಯಮಗಳಿಂದ ಆ ಬಟ್ಟೆಯ ವರ್ತನೆಯನ್ನು ಗಣಿತದಿಂದ ಪಡೆದರು. ನಮ್ಮ ವಿದ್ಯಾರ್ಥಿನಿಯು ಮೇಜಿನ ಕೆಳಗೆ ಕಂಡುಕೊಂಡ ಸಂದೇಹವು ನಮ್ಮ ಕಾಲದ ಸಂಶೋಧಕರ ಸಂದೇಹವೇ ಆಗಿತ್ತೆಂದು ತಿಳಿದಾಗ, ತರಗತಿಯಲ್ಲಿ ನಾವು ಆಡಿದ ಮಾತು ನಮಗೇ ಚುಚ್ಚಿತು.

ಘರ್ಷಣೆಯ ಉಪಕಾರ

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಗಂಟೇ ಇಲ್ಲದ ಬಟ್ಟೆಯು ಉಟ್ಟಾಗ ಬಿಚ್ಚಿಹೋಗದಿರುವುದು ಹೇಗೆ? ಅದನ್ನು ಕಾಯುವ ಶಕ್ತಿಗಳಲ್ಲಿ ಘರ್ಷಣೆ ಮುಖ್ಯವಾದುದು. ಘರ್ಷಣೆಯೆಂದರೆ ಯಂತ್ರಗಳ ಶತ್ರುವೆಂದೇ ನಾವು ಪಾಠ ಹೇಳುತ್ತೇವೆ. ಅದು ಇಲ್ಲದಿದ್ದರೆ ನಮ್ಮ ಮೈಮೇಲೆ ಬಟ್ಟೆಯೇ ನಿಲ್ಲದು ಎಂಬುದನ್ನು ಹೇಳಲು ಮರೆಯುತ್ತೇವೆ.

ಹಸುವನ್ನು ಕಟ್ಟುವ ರೈತನು ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಸುತ್ತಿ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡರೆ ಬಲವಾದ ಹೋರಿಯೂ ಎಳೆದುಕೊಂಡು ಹೋಗಲಾರದು. ಇದರ ಗಣಿತವನ್ನು 18ನೆಯ ಶತಮಾನದಲ್ಲಿ ಲಿಯೋನಾರ್ಡ್ ಆಯ್ಲರ್ ಕಂಡುಹಿಡಿದನು. ಘರ್ಷಣೆಯ ಗುಣಾಂಕವು 0.3 ಎಂದಿಟ್ಟುಕೊಂಡರೆ ಒಂದು ಸುತ್ತು ನಮ್ಮ ಹಿಡಿತವನ್ನು ಸುಮಾರು ಆರೂವರೆ ಪಟ್ಟು ಹೆಚ್ಚಿಸುತ್ತದೆ. ಎರಡನೆಯ ಸುತ್ತು ಅದನ್ನು ಮತ್ತೆ ಆರೂವರೆ ಪಟ್ಟು ಮಾಡುತ್ತದೆ. ಮೂರು ಸುತ್ತಿಗೆ ಸುಮಾರು 285 ಪಟ್ಟು! ಸುತ್ತುಗಳು ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತವೆ. ಹೆಣಿಗೆಯಲ್ಲಿ ದಾರವು ಹೆಜ್ಜೆಹೆಜ್ಜೆಗೂ ಇನ್ನೊಂದು ದಾರವನ್ನು ಬಳಸಿ ಹೋಗುತ್ತದೆ. ಆದುದರಿಂದ ಒಂದು ಕಡೆಯ ಎಳೆತವು ಕೆಲವು ಕುಣಿಕೆಗಳನ್ನು ದಾಟುವಷ್ಟರಲ್ಲಿ ಬಹಳ ಕುಂದುತ್ತದೆ.

ದಾರವೇ ಘರ್ಷಣೆಯ ಕೂಸು. ಹತ್ತಿಯ ಒಂದೊಂದು ನಾರಿನ ಉದ್ದ ಎರಡು ಮೂರು ಸೆಂಟಿಮೀಟರ್ ಮಾತ್ರ. ಅವುಗಳನ್ನು ಅಂಟಿಸಿದ ಅಂಟು ಯಾವುದೂ ಇಲ್ಲ. ಚರಕದ ಮುಂದೆ ಕುಳಿತವರು ಮಾಡುವುದು ಹುರಿ ಕೊಡುವುದನ್ನು ಮಾತ್ರ; ಹುರಿಯಾದ ನಾರುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಎಳೆದಷ್ಟೂ ಬಿಗಿಯಾಗಿ ಹಿಡಿಯುತ್ತವೆ. ಗಿಡ್ಡ ನಾರುಗಳಿಂದ ಉದ್ದನೆಯ ಹಗ್ಗವು ಹೇಗೆ ಬಲ ಪಡೆಯುತ್ತದೆಂಬ ಪ್ರಶ್ನೆಯನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿಯೇ ಚರ್ಚಿಸಿದ್ದನು. ಅದೇ ಪ್ರಶ್ನೆಯ ಮೇಲೆ ವಾರೆನ್, ಬಾಲ್, ಗೋಲ್ಡ್‌ಸ್ಟೀನ್ ಎಂಬ ಮೂವರು 2018ರಲ್ಲಿ ಹೊಸ ಲೆಕ್ಕವನ್ನು ಪ್ರಕಟಿಸಿದರು.

ಆದರೆ ಉಪಕಾರಕ್ಕೆ ಬೆಲೆಯೂ ಉಂಟು. ಘರ್ಷಣೆಯಿಂದಾಗಿ ಎಳೆದ ಬಟ್ಟೆಯು ಮೊದಲಿನ ಸ್ಥಿತಿಗೆ ಪೂರ್ತಿಯಾಗಿ ಮರಳುವುದಿಲ್ಲ; ನಡುವೆಯೇ ಎಲ್ಲಿಯೋ ತಡೆದು ನಿಲ್ಲುತ್ತದೆ. ಹಳೆಯ ಸ್ವೆಟರಿನ ಮೊಳಕೈ ಉಬ್ಬಿಕೊಂಡಿರುವುದು ಇದಕ್ಕಾಗಿಯೇ. 2024ರಲ್ಲಿ ಕ್ರಾಸೂ, ಪ್ವಾಂಕ್ಲೂ, ಸ್ಟೈನ್‌ಬರ್ಗರ್ ಎಂಬವರು ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಹೆಣೆದ ಬಟ್ಟೆಗೆ ವಿಶ್ರಾಂತಿಯ ಆಕಾರವೊಂದೇ ಇಲ್ಲ. ಘರ್ಷಣೆಯ ದೆಸೆಯಿಂದ ಅದು ಅನೇಕ ಆಕಾರಗಳಲ್ಲಿ ನೆಮ್ಮದಿಯಾಗಿ ನಿಲ್ಲಬಲ್ಲದು. ನೀರಿನಲ್ಲಿ ಅದ್ದಿ, ಅಲುಗಿಸಿ, ಹರಡಿ ಒಣಗಿಸಿದಾಗ ಕುಣಿಕೆಗಳು ಜಾರಿ ಸಮನಾಗುತ್ತವೆ. ಹೆಣೆಯುವವರ ಈ ಹಳೆಯ ಪದ್ಧತಿಗೆ ಈಗ ಭೌತವಿಜ್ಞಾನದ ಸಮರ್ಥನೆಯೂ ದೊರೆತಂತಾಯಿತು.

ಎರಡಕ್ಷರದ ಭಾಷೆ

ಮರುದಿನ ಇಷ್ಟನ್ನು ವಿದ್ಯಾರ್ಥಿನಿಗೆ ವಿವರಿಸಿದೆವು. ಅವಳು ಮಫ್ಲರಿನ ಅಂಚನ್ನು ತೋರಿಸಿ ಕೇಳಿದಳು: “ಇದು ಯಾವಾಗಲೂ ಸುರುಳಿ ಸುತ್ತಿಕೊಳ್ಳುತ್ತದೆ, ಸರ್. ಬಲಗಡೆ ಎಡಗಡೆ ಹಿಂದಕ್ಕೆ, ಮೇಲೆ ಕೆಳಗೆ ಮುಂದಕ್ಕೆ. ನನ್ನ ಕೈ ಸರಿಯಿಲ್ಲವೇನೋ ಎಂದುಕೊಂಡಿದ್ದೆ.”

ಅವಳ ಕೈಯ ತಪ್ಪು ಏನೂ ಇರಲಿಲ್ಲ. ಕೈಹೆಣಿಗೆಯಲ್ಲಿ ಮೂಲವಾದ ಹೊಲಿಗೆಗಳು ಎರಡು. ಹೊಸ ಕುಣಿಕೆಯನ್ನು ಹಳೆಯದರೊಳಗಿಂದ ಹಿಂದಿನಿಂದ ಮುಂದಕ್ಕೆ ಎಳೆದರೆ ನಿಟ್. ಮುಂದಿನಿಂದ ಹಿಂದಕ್ಕೆ ಎಳೆದರೆ ಪರ್ಲ್. ಇವು ನಿಜಕ್ಕೂ ಒಂದೇ ಹೊಲಿಗೆಯ ಎರಡು ಮುಖಗಳು. ಈ ಮಗ್ಗುಲಿನಿಂದ ನಿಟ್ ಎನಿಸಿದುದು ಆ ಮಗ್ಗುಲಿನಿಂದ ಪರ್ಲ್ ಎನಿಸುತ್ತದೆ. ಬಟ್ಟೆಯ ಒಂದು ಮುಖವೆಲ್ಲ ನಿಟ್ ಆಗಿದ್ದರೆ ಬಾಗಿದ ದಾರಗಳ ತಳ್ಳುವಿಕೆಯು ಎರಡು ಮುಖಗಳಲ್ಲಿ ಸಮನಾಗಿರುವುದಿಲ್ಲ. ಆಗ ಬಟ್ಟೆಯು ಅಗಲದಲ್ಲಿ ಒಂದು ಕಡೆಗೂ ಉದ್ದದಲ್ಲಿ ಇನ್ನೊಂದು ಕಡೆಗೂ ಬಾಗುತ್ತದೆ. ನಿಟ್ಟನ್ನೂ ಪರ್ಲನ್ನೂ ಬೆರೆಸಿದರೆ ಈ ತಳ್ಳಾಟಗಳು ಒಂದನ್ನೊಂದು ಕಳೆದು ಬಟ್ಟೆಯು ಚಪ್ಪಟೆಯಾಗಿ ಮಲಗುತ್ತದೆ.

ಬೆರೆಸುವ ಕ್ರಮವು ಬೇರೆಯಾದರೆ ಗುಣವೂ ಬೇರೆಯಾಗುತ್ತದೆ. ಕಂಬಸಾಲೊಂದು ನಿಟ್, ಪಕ್ಕದ ಕಂಬಸಾಲು ಪರ್ಲ್ ಆದರೆ ಬಟ್ಟೆಯು ನೆರಿಗೆಯಂತೆ ಮಡಿಚಿಕೊಂಡು ಅಗಲಕ್ಕೆ ವಿಶೇಷವಾಗಿ ಹಿಗ್ಗುತ್ತದೆ. ಸ್ವೆಟರಿನ ಮಣಿಕಟ್ಟಿನಲ್ಲೂ ಕಾಲುಚೀಲದ ಬಾಯಲ್ಲೂ ಇರುವುದು ಇದೇ. ಅಡ್ಡಸಾಲುಗಳನ್ನು ಒಂದು ಬಿಟ್ಟು ಒಂದು ಬದಲಿಸಿದರೆ ಬಟ್ಟೆಯು ಉದ್ದಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಚದುರಂಗದ ಮಣೆಯಂತೆ ಬದಲಿಸಿದರೆ ಮತ್ತೊಂದು ಬಗೆ. ಅಮೆರಿಕದ ಅಟ್ಲಾಂಟಾದ ಜಾರ್ಜಿಯಾ ಟೆಕ್ ವಿದ್ಯಾಸಂಸ್ಥೆಯಲ್ಲಿ ಎಲಿಸಬೆಟ್ಟಾ ಮಾಟ್ಸುಮೊಟೊ, ಕ್ರಿಷ್ಮಾ ಸಿಂಗಲ್ ಮತ್ತು ಅವರ ಸಂಗಡಿಗರು ಸಾದಾ ಹೆಣಿಗೆಯೂ ಸೇರಿದಂತೆ ಈ ನಾಲ್ಕು ಬಗೆಗಳನ್ನು ಎಳೆದು ಅಳೆದು, 2024ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೊಲಿಗೆಯ ಕ್ರಮವನ್ನು ಬದಲಿಸಿದ ಮಾತ್ರಕ್ಕೆ ಬಟ್ಟೆಯ ಸ್ಥಿತಿಸ್ಥಾಪಕತ್ವವನ್ನು ಬೇಕಾದಂತೆ ಬರೆಯಬಹುದೆಂಬುದು ಅದರ ಸಾರ.

‘ಬರೆಯಬಹುದು’ ಎಂಬ ಮಾತು ಉಚಿತವಾದುದೇ. ಅಡ್ಡಕ್ಕೆ ಹತ್ತು, ಉದ್ದಕ್ಕೆ ಹತ್ತು, ಹೀಗೆ ನೂರು ಕುಣಿಕೆಗಳ ತುಂಡಿನಲ್ಲಿ ಪ್ರತಿಯೊಂದನ್ನೂ ನಿಟ್ ಅಥವಾ ಪರ್ಲ್ ಮಾಡಬಹುದಾದರೆ ಒಟ್ಟು ವಿನ್ಯಾಸಗಳ ಸಂಖ್ಯೆ 1ರ ಮುಂದೆ 30 ಸೊನ್ನೆಗಳನ್ನು ಇಟ್ಟುದಕ್ಕಿಂತ ದೊಡ್ಡದು. ಗಣಕಯಂತ್ರವು ಸಕಲ ವಿಷಯವನ್ನೂ ಸೊನ್ನೆ ಮತ್ತು ಒಂದರಲ್ಲಿ ಬರೆದಿಡುವಂತೆ, ಹೆಣಿಗೆಯಲ್ಲೂ ಎರಡೇ ಅಕ್ಷರಗಳಲ್ಲಿ ಏನನ್ನಾದರೂ ಬರೆದಿಡಬಹುದು. ಚಾರ್ಲ್ಸ್ ಡಿಕನ್ಸನು ಫ್ರೆಂಚ್ ಕ್ರಾಂತಿಯನ್ನು ಕುರಿತು 1859ರಲ್ಲಿ ಬರೆದ ಕಾದಂಬರಿಯಲ್ಲಿ ಮದಾಂ ದಫಾರ್ಜ್ ಎಂಬ ಹೆಂಗಸು ತನ್ನ ವೈರಿಗಳ ಹೆಸರುಗಳನ್ನು ಹೆಣಿಗೆಯಲ್ಲಿ ಗುಟ್ಟಾಗಿ ದಾಖಲಿಸುತ್ತಾಳೆ. ಕಾದಂಬರಿಕಾರನ ಕಲ್ಪನೆಯು ಗಣಿತಕ್ಕೆ ಒಪ್ಪುವಂತಹುದೇ.

ಕಾದಂಬರಿಯ ಮಾತು ಬಂದುದರಿಂದ, ನಾವು ವಶಪಡಿಸಿಕೊಂಡ ಪುಸ್ತಕದ ವಿಷಯವನ್ನೂ ಹೇಳಬೇಕು. ಅದು ಲೂಯಿಸಾ ಮೇ ಆಲ್ಕಾಟ್ ಎಂಬ ಅಮೆರಿಕದ ಲೇಖಕಿಯು 1868ರಲ್ಲಿ ಪ್ರಕಟಿಸಿದ ‘ಲಿಟ್ಲ್ ವಿಮೆನ್’. ಹಿಂದಿರುಗಿಸುವ ಮೊದಲು ಕುತೂಹಲದಿಂದ ಓದತೊಡಗಿದ ನಾವು ಮಧ್ಯರಾತ್ರಿಯವರೆಗೆ ಅದನ್ನು ಕೆಳಗಿಡಲಿಲ್ಲ. ಮೊದಲನೆಯ ಅಧ್ಯಾಯದಲ್ಲಿಯೇ ಅಕ್ಕತಂಗಿಯರು ನಾಲ್ವರು ಸಂಜೆಯ ಮಬ್ಬಿನಲ್ಲಿ ಕುಳಿತು ಹೆಣೆಯುತ್ತಿದ್ದಾರೆ. ಅದು ಅಮೆರಿಕದ ಅಂತರ್ಯುದ್ಧದ ಕಾಲ. ಪುಸ್ತಕವೆಂದರೆ ಪ್ರಾಣ ಬಿಡುವ ಹದಿನೈದು ವರ್ಷದ ಜೋ ಎಂಬ ಹುಡುಗಿಯ ಕೈಯಲ್ಲಿರುವುದು ಸೈನಿಕರಿಗಾಗಿ ಹೆಣೆಯುತ್ತಿರುವ ಕಾಲುಚೀಲ. ಓದು ಮತ್ತು ಹೆಣಿಗೆ ಒಂದೇ ಹುಡುಗಿಯಲ್ಲಿ ಸೇರಿರುವುದು ನಮ್ಮ ತರಗತಿಯಲ್ಲಿ ಮೊದಲನೆಯದಾಗಿ ಆದುದೇನೂ ಅಲ್ಲವೆಂದು ಆಗ ಅರಿವಾಯಿತು.

ಕಾಲುಚೀಲವು ಸಾಮಾನ್ಯ ವಸ್ತುವೂ ಅಲ್ಲ. ಚಪ್ಪಟೆಯಾದ ಬಟ್ಟೆಯನ್ನು ಕತ್ತರಿಸಿ ಹಿಮ್ಮಡಿಯ ಆಕಾರವನ್ನು ಮಾಡಬೇಕಾದರೆ ದರ್ಜಿಯು ಜೋಡಣೆಯ ಹೊಲಿಗೆ ಹಾಕಬೇಕು. ಹೆಣೆಯುವವರು ಸಾಲಿನಲ್ಲಿ ಕುಣಿಕೆಗಳನ್ನು ಕೂಡಿಸಿ ಕಳೆದು ಬಟ್ಟೆಯನ್ನೇ ಡೊಂಕಾಗಿಸುತ್ತಾರೆ. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಡೈನಾ ಟೈಮಿನಾ ಎಂಬ ಗಣಿತಜ್ಞೆಯು ಇದೇ ಉಪಾಯವನ್ನು ಕ್ರೋಶೆ ಕೆಲಸದಲ್ಲಿ ಬಳಸಿ, ಯೂಕ್ಲಿಡನ ನಿಯಮಕ್ಕೆ ಒಳಪಡದ ಅತಿಪರವಲಯ ಜ್ಯಾಮಿತಿಯ ಮೇಲ್ಮೈಯನ್ನು ಕೈಯಲ್ಲಿ ಹಿಡಿಯಬಹುದಾದ ವಸ್ತುವಾಗಿ ಮಾಡಿ ತೋರಿಸಿದಳು.

ಹೃದಯದ ಬಳಿಯಲ್ಲೂ ಆಕಾಶದಲ್ಲೂ

ಕುಣಿಕೆಗಳ ಈ ಗುಣಗಳು ಮಫ್ಲರಿಗೆ ಮಾತ್ರ ಉಪಯೋಗವೆಂದು ಭಾವಿಸಬಾರದು. ರೋಗದಿಂದ ಕೆಟ್ಟ ದೊಡ್ಡ ರಕ್ತನಾಳಗಳ ಜಾಗದಲ್ಲಿ ಶಸ್ತ್ರವೈದ್ಯರು ಇಡುವ ಕೃತಕ ನಾಳಗಳಲ್ಲಿ ಪಾಲಿಯೆಸ್ಟರ್ ದಾರದಿಂದ ಹೆಣೆದವೂ ಉಂಟು. ಕೃತಕ ಉಪಗ್ರಹಗಳ ದೊಡ್ಡ ಆಂಟೆನಾಗಳನ್ನು ರಾಕೆಟ್ಟಿನಲ್ಲಿ ಮಡಿಚಿ ಒಯ್ದು ಅಂತರಿಕ್ಷದಲ್ಲಿ ಬಿಡಿಸಬೇಕಾಗುತ್ತದೆ. ಮಡಿಕೆ ಬೀಳದೆ, ಎಲ್ಲ ದಿಕ್ಕಿಗೂ ಸಮನಾಗಿ ಬಿಗಿದು ನಿಲ್ಲುವ ಹಾಳೆ ಅದಕ್ಕೆ ಬೇಕು. ಚಿನ್ನದ ಲೇಪವುಳ್ಳ ಕೂದಲಿಗಿಂತ ತೆಳ್ಳನೆಯ ಮಾಲಿಬ್ಡಿನಂ ತಂತಿಯಿಂದ ಹೆಣೆದ ಜಾಲವನ್ನು ಇದಕ್ಕಾಗಿ ಬಳಸುವುದುಂಟು. ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ನಮ್ಮ ಬಾಹ್ಯಾಕಾಶ ಸಂಸ್ಥೆ ಇಸ್ರೋ, ಅಮೆರಿಕದ ನಾಸಾದೊಡನೆ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿಸಿದ ನಿಸಾರ್ ಉಪಗ್ರಹವು 12 ಮೀಟರ್ ಅಗಲದ, ಚಿನ್ನದ ಲೇಪದ ತಂತಿಜಾಲದ ಪ್ರತಿಫಲಕವನ್ನು ಹೊತ್ತಿದೆ. ಮಡಿಚಿಕೊಂಡು ಹೋದ ಆ ಜಾಲವು ಮರುತಿಂಗಳು ಆಕಾಶದಲ್ಲಿ ಕೊಡೆಯಂತೆ ಬಿಚ್ಚಿಕೊಂಡಿತು.

ತಂದೆಗೆ ಕೊಟ್ಟ ಉತ್ತರ

ವಾರದ ಕೊನೆಯಲ್ಲಿ ತಂದೆಯವರು ಮತ್ತೆ ಬಂದರು. ನಾವು ಉಪದೇಶವನ್ನೇನೂ ಮಾಡಲಿಲ್ಲ. ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟು, ಅವರದೇ ಕಾಲುಚೀಲದ ಅಂಚನ್ನು ನೋಡಲು ಹೇಳಿದೆವು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮಗಳು ಕೇಳಿದ ಪ್ರಶ್ನೆಯನ್ನು ಹೇಳಿದೆವು. ನಮಗೆ ಅದರ ಉತ್ತರ ಗೊತ್ತಿರಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ.

“ಅಂದರೆ ನೀವು ಬಿಡಿಸುವುದಿಲ್ಲವೆನ್ನಿ” ಎಂದರು ಅವರು, ಅರ್ಧ ನಗುತ್ತ.

“ತರಗತಿಯಲ್ಲಿ ಕೂಡದು, ಅದನ್ನು ಅವಳಿಗೆ ಹೇಳಿದ್ದೇವೆ, ಅವಳೂ ಒಪ್ಪಿದ್ದಾಳೆ. ಓದಿನ ಹೊತ್ತಿಗೆ ಓದು. ಆದರೆ ಮನೆಯಲ್ಲಿ ಸಂಜೆಯ ಒಂದು ಗಂಟೆಯನ್ನು ಅವಳಿಗೇ ಬಿಡಿ, ಕತೆಯನ್ನಾದರೂ ಓದಲಿ, ಕಡ್ಡಿಯನ್ನಾದರೂ ಹಿಡಿಯಲಿ. ಇಷ್ಟಪಟ್ಟು ಮಾಡುವ ಕೆಲಸದಲ್ಲಿಯೇ ಅವಳಿಗೆ ಆ ಪ್ರಶ್ನೆ ಹೊಳೆದದ್ದು. ನಾವು ಹತ್ತು ವರ್ಷ ತಂತಿಗೆ ತೂಕ ಕಟ್ಟಿದರೂ ನಮಗೆ ಹೊಳೆಯಲಿಲ್ಲ” ಎಂದೆವು.

ಅವರು ಒಡನೆಯೇ ಒಪ್ಪಲಿಲ್ಲ. “ಅಂಕ ಕಡಮೆಯಾದರೆ ನಿಮ್ಮನ್ನೇ ಕೇಳುತ್ತೇನೆ, ಸಾರ್” ಎಂದರು. ನ್ಯಾಯವಾದ ಮಾತು, ಆಗಲೆಂದೆವು. ಹೊರಡುವಾಗ ಪುಸ್ತಕವನ್ನೂ ಹೆಣಿಗೆಯನ್ನೂ ಕಾಗದದಲ್ಲಿ ಸುತ್ತಿ ಅವರ ಕೈಯಲ್ಲಿಯೇ ಕೊಟ್ಟು ಕಳುಹಿಸಿದೆವು.

ಆ ಮಫ್ಲರು ಪರೀಕ್ಷೆಯಾದ ಮೇಲೆ ಮುಗಿಯಿತು. ಅಂಚಿನ ಸುತ್ತ ನಾಲ್ಕು ಕುಣಿಕೆಗಳಷ್ಟು ಅಗಲ ನಿಟ್ ಪರ್ಲ್‌ಗಳನ್ನು ಚದುರಂಗದ ಮಣೆಯಂತೆ ಬೆರೆಸಿ ಹೆಣೆದಿದ್ದರಿಂದ ಅದು ಈಗ ಸುರುಳಿ ಸುತ್ತಿಕೊಳ್ಳುವುದಿಲ್ಲ. ಈ ವರ್ಷ ಸ್ಥಿತಿಸ್ಥಾಪಕತ್ವದ ಪಾಠ ಬಂದಾಗ ತಂತಿ, ತೂಕ, ಅಳತೆಪಟ್ಟಿಗಳ ಜೊತೆಗೆ ಅದನ್ನೂ ಅವಳಿಂದ ಎರವಲು ಪಡೆದು ಮೇಜಿನ ಮೇಲೆ ಇಟ್ಟೆವು. ಮೊದಲು ದಾರವನ್ನು ಎಳೆದು ತೋರಿಸಿ, ಆಮೇಲೆ ಮಫ್ಲರನ್ನು ಎಳೆದು, ಅವಳ ಪ್ರಶ್ನೆಯನ್ನು ಹೊಸ ತರಗತಿಯ ಮುಂದಿಟ್ಟೆವು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬನು ತನ್ನ ಸ್ವೆಟರಿನ ತೋಳನ್ನು ಮೆಲ್ಲಗೆ ಎಳೆದು ನೋಡತೊಡಗಿದನು.